ಬಿರುಗಾಳಿಯ ಮರುದಿನ

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುತ್ತೇವೆ. ಅದೇ ಮಗ ಮಳೆಗಾಳಿಯಲ್ಲಿ ಹೊಸಿಲು ದಾಟಿದರೆ ಮಾತ್ರ ಕಿವಿ ಹಿಡಿದು ಒಳಗೆ ಎಳೆದುಕೊಳ್ಳುತ್ತೇವೆ. ಶೀತ ಆದೀತು, ಜ್ವರ ಬಂದೀತು! ಕರಾವಳಿಯವರಂತೂ ಆಷಾಢದಲ್ಲಿ ಮಕ್ಕಳನ್ನು ಕಡಲ ಹತ್ತಿರ ಸುಳಿಯಲೂ ಬಿಡುವುದಿಲ್ಲ; ಅದು ಸರಿಯೂ ಹೌದು. ಇವತ್ತು ನಾನು ಹೇಳಹೊರಟಿರುವುದು, ಕಡಲು ರೊಚ್ಚಿಗೇಳುವ ಕಾಲದಲ್ಲೇ ಮಕ್ಕಳನ್ನು ಕರೆದುಕೊಂಡು ದಂಡೆಗೆ ಹೋಗುತ್ತಿದ್ದ ಒಬ್ಬ ಬಡಗಿಯ ವಿಷಯ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಸೀಮೆಯಲ್ಲಿ ಲೈಮ್ ರೀಜಿಸ್ ಎಂಬ ಸಣ್ಣ ಊರಿದೆ. ನಮ್ಮಲ್ಲಿ ಮಳೆಗಾಲಕ್ಕೆ ಕೆರಳುವ ಕಡಲು ಅಲ್ಲಿ ಚಳಿಗಾಲಕ್ಕೆ ಕೆರಳುತ್ತದೆ. ಅಟ್ಲಾಂಟಿಕ್ ಕಡೆಯಿಂದ ಒಂದರ ಹಿಂದೊಂದು ಬಿರುಗಾಳಿ ಬಂದು ಅಪ್ಪಳಿಸುತ್ತದೆ. ದಂಡೆಯುದ್ದಕ್ಕೂ ಕಡಿದಾದ ದಿಬ್ಬಗಳಿವೆ, ಆದರೆ ಗಟ್ಟಿ ಬಂಡೆಯವಲ್ಲ. ಸುಣ್ಣಕಲ್ಲಿನ ಒಂದು ಪದರ, ಜೇಡಿಮಣ್ಣಿನ ಒಂದು ಪದರ, ಮತ್ತೆ ಸುಣ್ಣಕಲ್ಲು. ಮಳೆನೀರು ಇಂಗಿ ಜೇಡಿ ಭಾರವಾಗುತ್ತದೆ, ಜಾರುತ್ತದೆ. ಕೆಳಗೆ ಅಲೆ ಬುಡ ಕೊರೆಯುತ್ತಿರುತ್ತದೆ. ಯಾವುದೋ ಒಂದು ರಾತ್ರಿ ಎಲ್ಲ ಕುಸಿದು ಬೀಳುತ್ತದೆ. ಬಿದ್ದ ಮಣ್ಣನ್ನು ಅಲೆ ತೊಳೆದಾಗ ಕಾಣಿಸಿಕೊಳ್ಳುವುದು ಸುಮಾರು 20 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಬೇರೊಂದು ಕಡಲಿನ ಜೀವಿಗಳು, ಕಲ್ಲಾಗಿ.

ಆ ಬಡಗಿ ರಿಚರ್ಡ್ ಆನಿಂಗ್. ಹುಟ್ಟಿದ ಮಕ್ಕಳಲ್ಲಿ ಬದುಕಿ ದೊಡ್ಡವರಾದದ್ದು ಇಬ್ಬರೇ, ಜೋಸೆಫ್ ಮತ್ತು 1799ರಲ್ಲಿ ಹುಟ್ಟಿದ ಮೇರಿ. ಮೇಜು ಕಪಾಟು ಮಾಡಿ ಹೊಟ್ಟೆ ತುಂಬುತ್ತಿರಲಿಲ್ಲ. ಆಗ ಫ್ರಾನ್ಸಿನೊಡನೆ ಯುದ್ಧ. ಯೂರೋಪ್ ಸುತ್ತಲು ಹೋಗಲಾಗದ ಸಿರಿವಂತರು ಹವಾ ಬದಲಾವಣೆಗೆಂದು ಇಂಥ ಊರುಗಳಿಗೇ ಬರುತ್ತಿದ್ದರು. ಅವರಿಗೆ ಮಾರಲು ಅಪ್ಪ ಮಕ್ಕಳು ದಂಡೆಯಲ್ಲಿ ಕಲ್ಲು ಆಯುತ್ತಿದ್ದರು.

ಕಲ್ಲು ಆಯುವುದು ಎಂದರೆ ಸುಲಭ ಎನಿಸುತ್ತದೆ. ಬಿರುಗಾಳಿ ಬೀಸುತ್ತಿರುವಾಗ ಹೋಗುವಂತಿಲ್ಲ, ದಿಬ್ಬ ತಲೆಯ ಮೇಲೆಯೇ ಬಿದ್ದೀತು. ಎಲ್ಲ ಶಾಂತವಾಗಲಿ ಎಂದು ಕಾದರೂ ಆಗದು, ಬಿದ್ದದ್ದನ್ನು ಕಡಲೇ ಒಯ್ದುಬಿಡುತ್ತದೆ. ನೀರು ಇಳಿಯುತ್ತಿರುವಾಗ ಹೊರಟು, ಮತ್ತೆ ಏರುವ ಮೊದಲು ಮರಳಬೇಕು. ಆ ಇಳಿತದ ಹೊತ್ತೂ ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಸರಿಯುತ್ತದೆ. ಇನ್ನು ಬೂದು ಕೆಸರಿನಲ್ಲಿ ಬಿದ್ದಿರುವ ಬೂದು ಕಲ್ಲುಗಳಲ್ಲಿ ಯಾವುದು ಬರೀ ಕಲ್ಲು, ಯಾವುದರ ಹೊಟ್ಟೆಯಲ್ಲಿ ಏನಿದೆ? ಮೇರಿ ಅಕ್ಷರ ಕಲಿತದ್ದು ಚರ್ಚಿನ ಭಾನುವಾರದ ಶಾಲೆಯಲ್ಲಿ. ಈ ವಿದ್ಯೆ ಬಂದದ್ದು ಅಪ್ಪನ ಹಿಂದೆ, ಎದುರುಗಾಳಿಗೆ ಮುಖ ತಗ್ಗಿಸಿ ನಡೆದದ್ದರಿಂದ.

ಅಪ್ಪ ಬಹಳ ಕಾಲ ಇರಲಿಲ್ಲ. ಒಮ್ಮೆ ದಿಬ್ಬದಿಂದ ಬಿದ್ದು ಪೆಟ್ಟಾಗಿತ್ತು, ಜೊತೆಗೆ ಕ್ಷಯ, 1810ರಲ್ಲಿ ತೀರಿಕೊಂಡ. ಮನೆಗೆ ಉಳಿದದ್ದು ಸಾಲ. ಮರುವರ್ಷ ಜೋಸೆಫನ ಕಣ್ಣಿಗೆ ನಾಲ್ಕು ಅಡಿ ಉದ್ದದ ಒಂದು ತಲೆಬುರುಡೆ ಬಿತ್ತು. ಅದರ ಮೈಯ ಎಲುಬುಗಳನ್ನು ಹುಡುಕಿ ಕಂಡವಳು ಮೇರಿ, ಇನ್ನೂ ಹನ್ನೆರಡು-ಹದಿಮೂರರ ಹುಡುಗಿ. ಇಕ್ತಿಯೋಸಾರ್ ಎಂಬ ಕಡಲಸರೀಸೃಪ ಅದು. ಮುಂದೆ 1823ರ ಡಿಸೆಂಬರಿನಲ್ಲಿ ಉದ್ದ ಕತ್ತಿನ ಪ್ಲೀಸಿಯೋಸಾರ್ ಕೂಡ ಅವಳಿಗೇ ಸಿಕ್ಕಿತು. ಇಷ್ಟಾದರೂ ಕಡಲೇನೂ ಅವಳಿಗೆ ರಿಯಾಯಿತಿ ತೋರಲಿಲ್ಲ. 1833ರಲ್ಲಿ ದಿಬ್ಬ ಕುಸಿದಾಗ ಸದಾ ಜೊತೆಗಿರುತ್ತಿದ್ದ ಅವಳ ನಾಯಿ ಟ್ರೇ ಸತ್ತುಹೋಯಿತು. ಕೂದಲೆಳೆಯಲ್ಲಿ ಅವಳು ಉಳಿದಳು. ಅದಾದ ಮೇಲೂ ದಂಡೆಗೆ ಹೋಗುವುದನ್ನು ಬಿಡಲಿಲ್ಲ.

ಆ ಮನೆಯವರು ಪ್ರವಾಸಿಗರಿಗೆ ಮಾರುತ್ತಿದ್ದ ಕಲ್ಲುಗಳಲ್ಲಿ ಅಮೊನೈಟ್ ಇರುತ್ತಿತ್ತು, ಚಕ್ಕುಲಿಯ ಹಾಗೆ ಸುರುಳಿ ಸುತ್ತಿದ ಚಿಪ್ಪು. ಸುರುಳಿ ಸುತ್ತಿದ ಹಾವೇ ಕಲ್ಲಾಗಿದೆ ಎಂದು ಅಲ್ಲಿನ ಜನ ನಂಬಿದ್ದರು. ನಗಬೇಡಿ. ನಮ್ಮ ದೇವರ ಪೆಟ್ಟಿಗೆಯ ಸಾಲಿಗ್ರಾಮದೊಳಗಿನ ಚಕ್ರವೂ ಇದೇ ಕುಲದ ಜೀವಿ ಬಿಟ್ಟುಹೋದ ಗುರುತು. ಲೈಮಿನಲ್ಲಿ ಅಲೆ ದಿಬ್ಬವನ್ನು ಕೊರೆದು ಹೊರಗೆ ಹಾಕಿತು, ನೇಪಾಳದಲ್ಲಿ ಗಂಡಕಿ ನದಿ ಹಿಮಾಲಯವನ್ನು ಕೊರೆದು ಹೊರಗೆ ಹಾಕಿತು. ಅಲ್ಲಿ ಬಡವರು ಅದಕ್ಕೆ ಬೆಲೆ ಹೇಳಿದರು, ಇಲ್ಲಿ ನಾವು ತುಳಸಿ ಏರಿಸಿದೆವು. ಹಿಮಾಲಯ ಒಂದು ಕಾಲಕ್ಕೆ ಕಡಲತಳವಾಗಿತ್ತು ಎಂಬುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಕೂತಿದೆ, ಅದಕ್ಕೆ ನಿತ್ಯ ಅಭಿಷೇಕವೂ ಆಗುತ್ತದೆ!

ಲೈಮಿನ ಆ ಕರಾವಳಿ 2001ರಿಂದ ವಿಶ್ವ ಪರಂಪರೆಯ ತಾಣ. ಈಗಲೂ ಗಾಳಿ ಮಳೆ ಕಳೆದ ಚಳಿಗಾಲದ ಬೆಳಿಗ್ಗೆ ಅಪ್ಪ ಅಮ್ಮ ಮಕ್ಕಳು ರೇನ್‌ಕೋಟ್ ತೊಟ್ಟು ಬಗ್ಗಿಕೊಂಡು ಹುಡುಕುತ್ತಾ ನಡೆಯುತ್ತಾರೆ. ದಿಬ್ಬದ ಬುಡಕ್ಕೆ ಹೋಗಬೇಡಿ, ಉಬ್ಬರದ ಹೊತ್ತು ನೋಡಿಕೊಂಡು ಬನ್ನಿ, ದಂಡೆಯಲ್ಲಿ ಬಿದ್ದದ್ದನ್ನು ಮಾತ್ರ ಆಯಿರಿ ಎಂದು ಊರಿನವರು ಬುದ್ಧಿ ಹೇಳುತ್ತಾರೆ. ರಿಚರ್ಡ್ ಮಕ್ಕಳಿಗೆ ಹೇಳಿಕೊಡಬೇಕಾಗಿದ್ದದ್ದೂ ಹೆಚ್ಚುಕಡಿಮೆ ಇದನ್ನೇ. ಊರಿನಲ್ಲಿ ಈಗ ಮೇರಿಯ ಪ್ರತಿಮೆ ಇದೆ, ಕಾಲ ಬಳಿ ಟ್ರೇ ಕೂಡ. ನಿಲ್ಲಿಸಿದ್ದು 2022ರಲ್ಲಿ. ತಡವಾಯಿತು ಎನ್ನಬೇಕೇ? ಲಂಡನ್ನಿನ ಭೂವಿಜ್ಞಾನ ಸಂಘ ಹೆಂಗಸರನ್ನು ಒಳಗೆ ಬಿಡಲು ಶುರುಮಾಡಿದ್ದೇ 1904ರಲ್ಲಿ, ಅವಳು ಸತ್ತು 57 ವರ್ಷ ಕಳೆದ ಮೇಲೆ. ಅವಳು ಹುಡುಕಿ ತೆಗೆದ ಎಲುಬುಗಳ ಮೇಲೆ ಅಲ್ಲಿ ವಿದ್ವಾಂಸರು ಭಾಷಣ ಮಾಡಿ ಹೆಸರು ಗಳಿಸಿದ್ದರು.

ಇಷ್ಟು ಹೊತ್ತು ಅಪ್ಪ, ಅಣ್ಣ, ತಂಗಿ, ನಾಯಿ ಎಂದೆ. ಅಮ್ಮನ ಹೆಸರೂ ಮೇರಿಯೇ, ಮಾಲಿ ಎಂದು ಕರೆಯುತ್ತಿದ್ದರು. ಗಂಡ ಹೋದ ಮೇಲೆ ಈ ವ್ಯಾಪಾರ ಆಕೆಯ ಕೈಗೆ ಬಂತು. ಮಕ್ಕಳು ಒದ್ದೆಯಾಗಿ ತಂದದ್ದನ್ನು ಯಾರಿಗೆ ಎಷ್ಟಕ್ಕೆ ಕೊಡಬೇಕು ಎಂಬ ಲೆಕ್ಕ ಆಕೆಯದು. 1821ರಲ್ಲಿ ಆಕೆ ಬ್ರಿಟಿಷ್ ಮ್ಯೂಸಿಯಮ್ಮಿಗೇ ಒಂದು ಪತ್ರ ಬರೆದಳು. ಪಳೆಯುಳಿಕೆಯ ದುಡ್ಡು ಬರಬೇಕಿದೆ, ಕೊಡಿ ಎಂದು.