ಅರ್ಧವಿರಾಮದ ಹದಿನೈದು ನಿಮಿಷ
(ಆಕಾಶವಾಣಿ ಭಾಷಣ)

ಕನ್ನಡ ವ್ಯಾಕರಣವನ್ನು ಪಾಠ ಹೇಳುವಾಗ ಲೇಖನಚಿಹ್ನೆಗಳ ಪ್ರಸ್ತಾಪ ಬಂದೇ ಬರುತ್ತದೆ: ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ. ಇವುಗಳಲ್ಲಿ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಕಾಡುವುದು ಅರ್ಧವಿರಾಮವೇ. ಅಲ್ಲಿ ಮಾತು ನಿಂತಿದೆ, ಆದರೆ ಮುಗಿದಿಲ್ಲ. ಹಿಂದಿನ ವಾಕ್ಯವು ಮುಂದಿನದಕ್ಕಾಗಿ ಕಾಯುತ್ತಿದೆ. ಕಾಲ್ಚೆಂಡಿನ ಆಟದಲ್ಲಿಯೂ ಇಂಥದೊಂದು ಅರ್ಧವಿರಾಮವುಂಟು. 45 ನಿಮಿಷಗಳ ಆಟ ಮುಗಿದು, ಇನ್ನು 45 ನಿಮಿಷಗಳ ಆಟ ಉಳಿದಿರುವಾಗ ನಡುವೆ ಬರುವ ಈ ಬಿಡುವು 15 ನಿಮಿಷಗಳನ್ನು ಮೀರಬಾರದೆಂದು ಆಟದ ನಿಯಮವೇ ಹೇಳುತ್ತದೆ. ಈ ಹದಿನೈದು ನಿಮಿಷಗಳಲ್ಲಿ ಬದಲಿ ಆಟಗಾರನು ಏನು ಮಾಡಬೇಕು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಸಾಹಿತ್ಯದ ಮೇಷ್ಟರಿಗೆ ಕಾಲ್ಚೆಂಡಿನ ಗೊಡವೆ ಏಕೆ ಎಂದು ಕೇಳುಗರಿಗೆ ಅನಿಸಬಹುದು. ಅಧ್ಯಾಪಕನಾಗಿದ್ದಾಗ ಕೆಲವು ವರ್ಷ ಕ್ರೀಡಾಸಮಿತಿಯ ಹೊಣೆಯೂ ನನ್ನ ಪಾಲಿಗೆ ಬಂದಿತ್ತು. ತಂಡದೊಡನೆ ಊರೂರು ತಿರುಗಿ, ಗೆರೆಯ ಆಚೆ ಕುಳಿತು ಆಟ ನೋಡಿದವನು ನಾನು. ಗೆರೆಯ ಆಚೆ ಕುಳಿತವನಿಗೆ ಆಡುವವರಿಗಿಂತ ಹತ್ತಿರವಾಗುವವರು ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತ ಹುಡುಗರು. ಅವರ ಪರವಾಗಿ ನಾಲ್ಕು ಮಾತು ಆಡುವುದಕ್ಕೆ ಇಷ್ಟು ಅಧಿಕಾರ ಸಾಕೆಂದುಕೊಂಡಿದ್ದೇನೆ.

ವಿರಾಮದ ಸೀಟಿ ಊದಿದೊಡನೆ ಮೈದಾನದಲ್ಲಿ ಏನಾಗುತ್ತದೆ ನೋಡಿ. ಆಡಿದ ಹನ್ನೊಂದು ಮಂದಿ ಬೆವರೊರೆಸಿಕೊಳ್ಳುತ್ತ ಒಳಗೆ ಹೋಗುತ್ತಾರೆ. ಪ್ರೇಕ್ಷಕರು ಕಡಲೆಕಾಯಿಗೋ ಚಹಕ್ಕೋ ಎದ್ದು ಹೋಗುತ್ತಾರೆ. ಬರಿದಾದ ಹಸಿರಿನ ಮೇಲೆ ಉಳಿಯುವವರು ಬದಲಿ ಆಟಗಾರರು. ಅಷ್ಟು ಹೊತ್ತೂ ತಮ್ಮದಲ್ಲದಿದ್ದ ಅಂಗಳ ಈಗ ಪೂರ್ತಿ ಅವರದು. ಆದರೆ ಬಹುಮಟ್ಟಿಗೆ ಅವರು ಮಾಡುವುದೇನು? ನಾಲ್ಕೈದು ಮಂದಿ ವೃತ್ತವಾಗಿ ನಿಂತು, ನಡುವೆ ಒಬ್ಬನನ್ನು ನಿಲ್ಲಿಸಿ ಚೆಂಡನ್ನು ಅತ್ತಿತ್ತ ತಳ್ಳುತ್ತ ನಗುತ್ತಾರೆ. ಒಬ್ಬಿಬ್ಬರು ದೂರದಿಂದ ಗೋಲಿನ ಕಡೆಗೆ ಬಲವಾಗಿ ಒದೆಯುತ್ತಾರೆ. ಮತ್ತೊಬ್ಬ ಪರಿಚಯದವರನ್ನು ಹುಡುಕುತ್ತ ಗ್ಯಾಲರಿಯತ್ತ ಕೈಬೀಸುತ್ತಾನೆ. ನೋಡುವವರಿಗೆ ಇದೊಂದು ಆಟದೊಳಗಿನ ಆಟ. ಆದರೆ ಸಿದ್ಧತೆಗೆ ಸಿಕ್ಕ ಕಾಲವೊಂದು ಹೀಗೆ ಕೈಜಾರಿಹೋಗುತ್ತದೆ.

ಬದಲಿ ಆಟಗಾರನೆಂಬ ವ್ಯವಸ್ಥೆ ನಾವು ತಿಳಿದಷ್ಟು ಹಳೆಯದಲ್ಲ. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಅದಕ್ಕೆ ಅವಕಾಶ ದೊರೆತದ್ದು 1965ರಲ್ಲಿ, ಅದೂ ಗಾಯಗೊಂಡವನ ಸ್ಥಾನಕ್ಕೆ ಮಾತ್ರ. ಅದಕ್ಕೆ ಮುಂಚೆ ಒಬ್ಬನ ಕಾಲು ಮುರಿದರೆ ಉಳಿದ ಹತ್ತು ಮಂದಿಯೇ ಹೆಣಗಬೇಕಾಗಿತ್ತು. ಆ ವರ್ಷದ ಆಗಸ್ಟ್ 21ರಂದು ಚಾರ್ಲ್‌ಟನ್ ತಂಡದ ಕೀತ್ ಪೀಕಾಕ್ ಅವರು ಗಾಯಗೊಂಡ ಗೋಲ್‌ಕೀಪರನ ಕಾರಣದಿಂದ ಅಂಗಳಕ್ಕಿಳಿದು ಆ ಲೀಗಿನ ಮೊದಲ ಬದಲಿ ಆಟಗಾರರೆನಿಸಿದರು. ವಿಶ್ವಕಪ್ಪಿನಲ್ಲಿ ಈ ಪದ್ಧತಿ ಬಂದದ್ದು 1970ರಲ್ಲಿ. ಮೇ 31ರಂದು ಮೆಕ್ಸಿಕೋ ನಗರದಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿಯೇ ಸೋವಿಯತ್ ತಂಡದ ಅನಾತೊಲಿ ಪುಜಾಚ್ ಅವರು ಸೆರೆಬ್ರಿಯಾನಿಕೋವ್ ಅವರ ಬದಲಿಗೆ ಬಂದರು. ಬಂದದ್ದು ಯಾವಾಗ? ವಿರಾಮ ಮುಗಿದು ಎರಡನೆಯ ಅರ್ಧ ಆರಂಭವಾಗುವಾಗ. ವಿಶ್ವಕಪ್ಪಿನ ಮೊದಲ ಬದಲಾವಣೆಯೇ ಅರ್ಧವಿರಾಮದಲ್ಲಿ ಆಯಿತೆಂಬುದು ನಮ್ಮ ವಿಷಯಕ್ಕೆ ಒಪ್ಪುವ ಸಂಗತಿ.

ಈಚಿನ ನಿಯಮವು ಈ ಹದಿನೈದು ನಿಮಿಷಗಳ ಬೆಲೆಯನ್ನು ಇನ್ನೂ ಹೆಚ್ಚಿಸಿದೆ. ಕೋವಿಡ್ ಪಿಡುಗಿನ ಕಾಲದಲ್ಲಿ, 2020ರಲ್ಲಿ, ತಾತ್ಕಾಲಿಕವಾಗಿ ಬಂದ ಐದು ಬದಲಿಗಳ ಅವಕಾಶ 2022ರಲ್ಲಿ ಶಾಶ್ವತವಾಗಿ ನಿಯಮಗಳೊಳಗೆ ಸೇರಿತು. ಆದರೆ ಆ ಐವರನ್ನು ಆಟ ನಡೆಯುತ್ತಿರುವಾಗ ಮೂರು ಸಲಕ್ಕಿಂತ ಹೆಚ್ಚು ಬಾರಿ ಆಟವನ್ನು ತಡೆದು ಇಳಿಸುವಂತಿಲ್ಲ. ವಿರಾಮದಲ್ಲಿ ಮಾಡಿದ ಬದಲಾವಣೆ ಮಾತ್ರ ಈ ಮೂರರ ಲೆಕ್ಕಕ್ಕೆ ಸೇರುವುದಿಲ್ಲ. ಆದುದರಿಂದ ಲೆಕ್ಕ ಬಲ್ಲ ತರಬೇತುದಾರನು ವಿರಾಮದಲ್ಲಿಯೇ ಒಬ್ಬಿಬ್ಬರನ್ನು ಬದಲಿಸಲು ಬಯಸುವುದು ಸಹಜ. ಬೆಂಚಿನ ಹುಡುಗನಿಗೆ ಕರೆ ಬರುವ ಸಂಭವ ಅತ್ಯಂತ ಹೆಚ್ಚಾಗಿರುವ ಗಳಿಗೆಯೇ ಅವನು ಸಿದ್ಧನಾಗಿರದ ಗಳಿಗೆಯೂ ಆದರೆ ಅದಕ್ಕಿಂತ ದುರದೃಷ್ಟ ಬೇರೇನಿದೆ?

ಇನ್ನು ಮೈ ಬಿಸಿಮಾಡಿಕೊಳ್ಳುವುದು ಎಂದರೇನು? ಆಟಗಾರರು ಇದನ್ನು ವಾರ್ಮ್‌ಅಪ್ ಎನ್ನುತ್ತಾರೆ. ಇದು ಬರಿಯ ನುಡಿಗಟ್ಟಲ್ಲ, ಅಕ್ಷರಶಃ ನಿಜ. ಸ್ನಾಯು ಬೆಚ್ಚಗಾದಂತೆ ಅದು ಬೇಗ ಸಂಕುಚಿಸುತ್ತದೆ, ಬೇಗ ಸಡಿಲಗೊಳ್ಳುತ್ತದೆ. ಡೆನ್ಮಾರ್ಕಿನ ಆಸ್ಮುಸೆನ್ ಮತ್ತು ಬೋಯೆ ಎಂಬ ಇಬ್ಬರು ವಿಜ್ಞಾನಿಗಳು 1945ರಷ್ಟು ಹಿಂದೆಯೇ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಅದೇ ದೇಶದಲ್ಲಿ ಮೋರ್ ಮತ್ತು ಅವರ ಸಂಗಡಿಗರು ಕಾಲ್ಚೆಂಡಿನ ಆಟಗಾರರ ತೊಡೆಯ ಸ್ನಾಯುವಿನ ಉಷ್ಣತೆಯನ್ನು ಅಳೆದು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರವಾದುದು. ವಿರಾಮದಲ್ಲಿ ಸುಮ್ಮನೆ ಕುಳಿತವರ ಸ್ನಾಯು ಸುಮಾರು 2 ಡಿಗ್ರಿ ಸೆಲ್ಸಿಯಸ್ ತಣಿದಿತ್ತು. ಎರಡನೆಯ ಅರ್ಧದ ಆರಂಭದಲ್ಲಿ ಅವರ ಓಟದ ವೇಗವೂ ಕುಂದಿತ್ತು. ವಿರಾಮದಲ್ಲಿ ಏಳು ನಿಮಿಷ ಹದವಾಗಿ ಓಡಾಡಿದವರ ವೇಗ ಕುಂದಲಿಲ್ಲ. ಗಮನಿಸಿ, ಇವರೆಲ್ಲ ಮೊದಲರ್ಧ ಪೂರ್ತಿ ಆಡಿದ್ದವರು. ಆಡಿದವನ ಮೈಯೇ ಕಾಲು ಗಂಟೆಯಲ್ಲಿ ಇಷ್ಟು ತಣಿಯುವುದಾದರೆ, ಮುಕ್ಕಾಲು ಗಂಟೆ ಕುಳಿತೇ ಇದ್ದವನ ಮೈಯ ಗತಿಯೇನು? ಪಂದ್ಯಕ್ಕೆ ಮುಂಚೆ ತಂಡದೊಡನೆ ಅವನು ಮಾಡಿದ ಕಸರತ್ತಿನ ಫಲ ಎಂದೋ ಆರಿಹೋಗಿರುತ್ತದೆ.

ಇದರ ಬೆಲೆ ಏನೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂತರಕಾಲೇಜು ಪಂದ್ಯಾವಳಿಯೊಂದರಲ್ಲಿ ಎದುರು ತಂಡದ ಹುಡುಗನೊಬ್ಬ, ಅಂತಿಮ ವರ್ಷದ ವಿದ್ಯಾರ್ಥಿ, ನಾಲ್ಕು ಪಂದ್ಯ ಬೆಂಚಿನಲ್ಲಿಯೇ ಕುಳಿತಿದ್ದ. ಐದನೆಯದರಲ್ಲಿ ವಿರಾಮ ಮುಗಿಯುವ ಹೊತ್ತಿಗೆ ಅವನಿಗೆ ಕರೆ ಬಂದಿತು. ಸ್ವೆಟರು ಕಳಚಿ ನೇರವಾಗಿ ಅಂಗಳಕ್ಕೆ ಓಡಿದ. ಮೂರನೆಯ ನಿಮಿಷದಲ್ಲಿ ಚೆಂಡಿನ ಬೆನ್ನುಹತ್ತಿ ಪೂರ್ಣ ವೇಗದಲ್ಲಿ ಓಡುತ್ತಿದ್ದವನು ಗುಂಡೇಟು ತಗುಲಿದವನಂತೆ ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದ. ಅವನ ಕಾಲೇಜು ಕ್ರೀಡಾಜೀವನ ಅಲ್ಲಿಗೆ ಮುಗಿಯಿತು. ಹೊತ್ತುಕೊಂಡು ಬರುವಾಗ ಅವನದೇ ಕಡೆಯವರೊಬ್ಬರು, ‘ಕೂತು ತಿಂದವನ ಮೈ ಬಗ್ಗುತ್ತದೆಯೇ?’ ಎಂದು ಹಂಗಿಸಿದರು. ಆ ಮಾತು ತೊಡೆಯ ನೋವಿಗಿಂತ ಹೆಚ್ಚಾಗಿ ಅವನನ್ನು ನೋಯಿಸಿತೆಂದು ಅವನ ಮುಖವೇ ಹೇಳುತ್ತಿತ್ತು. ಅವನನ್ನು ಕೂರಿಸಿದವರು ಬೇರೆಯವರು, ಏಳಿಸಿದವರೂ ಬೇರೆಯವರು; ಕೂತಿರುವುದಕ್ಕೂ ಓಡುವುದಕ್ಕೂ ನಡುವೆ ಇರಬೇಕಾದ ಮೆಟ್ಟಿಲನ್ನು ಮಾತ್ರ ಯಾರೂ ಅವನಿಗೆ ಹಾಕಿಕೊಟ್ಟಿರಲಿಲ್ಲ.

ಆ ಮೆಟ್ಟಿಲು ಯಾವುದು? ನಮ್ಮ ಗರಡಿಮನೆಯ ಉಸ್ತಾದರು ಇದನ್ನು ಚೆನ್ನಾಗಿ ಬಲ್ಲರು. ಬಸ್ಕಿ ಹೊಡೆದು ಮೈ ಹದಗೊಳ್ಳದೆ ಅವರು ಯಾರನ್ನೂ ಜೋಡಿಗೆ ಬಿಡುವುದಿಲ್ಲ. ವಿರಾಮದ ಹದಿನೈದರಲ್ಲಿ ಹತ್ತು ನಿಮಿಷವನ್ನು ಬದಲಿ ಆಟಗಾರನು ಹೀಗೆ ಹಂಚಿಕೊಳ್ಳಬಹುದು. ಮೊದಲ ಮೂರು ನಿಮಿಷ ಹಗುರವಾದ ಓಟ: ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ, ಮೈಯಲ್ಲಿ ತೆಳುವಾಗಿ ಬೆವರು ಒಸರುವವರೆಗೆ. ಅನಂತರ ಎರಡು ನಿಮಿಷ ಕೀಲುಗಳ ಸರದಿ: ಕಾಲನ್ನು ಹಿಂದೆ ಮುಂದೆ ಬೀಸುವುದು, ದೊಡ್ಡ ಹೆಜ್ಜೆಯಿಟ್ಟು ಮೊಣಕಾಲು ಬಗ್ಗಿಸುವುದು, ಸೊಂಟ ತಿರುಗಿಸುವುದು. ಇಲ್ಲಿ ಒಂದು ಎಚ್ಚರಿಕೆ. ನೆಲದ ಮೇಲೆ ಕುಳಿತು ಸ್ನಾಯುವನ್ನು ನಿಮಿಷಗಟ್ಟಲೆ ಎಳೆದು ಹಿಡಿಯುವ ಹಳೆಯ ಅಭ್ಯಾಸ ಈ ಹೊತ್ತಿಗೆ ಸಲ್ಲದು. ಹಾಗೆ ಬಹಳ ಹೊತ್ತು ಎಳೆದ ಸ್ನಾಯುವಿನ ಬಲ ಕೂಡಲೇ ತುಸು ತಗ್ಗುತ್ತದೆಂದು ಈಗ ತಿಳಿದುಬಂದಿದೆ. ಚಲನೆಯಲ್ಲಿಯೇ ಸಡಿಲಿಸುವುದು ಲೇಸು.

ಮುಂದಿನ ಮೂರು ನಿಮಿಷ ಚೆಂಡಿನೊಡನೆ. ಆದರೆ ನಿಂತಲ್ಲಿ ನಿಂತು ತಳ್ಳುವುದಲ್ಲ. ಇಬ್ಬಿಬ್ಬರಾಗಿ ಓಡುತ್ತ ಕೊಟ್ಟು ತೆಗೆದುಕೊಳ್ಳುವುದು. ರಕ್ಷಣೆಯವನು ತಲೆಯಿಂದ ಚೆಂಡನ್ನು ಹೊಡೆಯಲಿ, ಅಂಚಿನಲ್ಲಿ ಆಡುವವನು ಓಡಿಬಂದು ಚೆಂಡನ್ನು ನಡುವಿಗೆ ತೇಲಿಸಲಿ. ಅವರವರು ಆಡಬೇಕಾದ ಆಟದ ತುಣುಕನ್ನೇ ಅವರವರು ಅಭ್ಯಾಸಮಾಡಲಿ. ಗೋಲಿನತ್ತ ಒದೆಯುವ ಆಸೆಯಿದ್ದರೆ ಅದೂ ಈ ಹಂತದಲ್ಲಿ, ಮೈ ಬೆಚ್ಚಗಾದ ಮೇಲೆ. ತಣ್ಣನೆಯ ತೊಡೆಯಿಂದ ದೂರದ ಹೊಡೆತವನ್ನು ಮೊದಲಿಗೇ ಹೊಡೆಯುವುದು ನೋವನ್ನು ಕರೆದು ಕೂರಿಸಿದಂತೆ. ಕೊನೆಯ ಎರಡು ನಿಮಿಷ ಹತ್ತು ಹದಿನೈದು ಮೀಟರಿನ ಮೂರು ನಾಲ್ಕು ಓಟಗಳು, ಪ್ರತಿಯೊಂದೂ ಹಿಂದಿನದಕ್ಕಿಂತ ಬಿರುಸಾಗಿ, ಕೊನೆಯದು ಪೂರ್ಣ ವೇಗದಲ್ಲಿ. ಅಂಗಳದ ಮೊದಲ ಓಟವೇ ಅಂದಿನ ಮೊದಲ ಪೂರ್ಣ ಓಟವಾಗಬಾರದು. ಈ ಒಂದು ಸೂತ್ರವನ್ನು ನೆನಪಿಟ್ಟರೂ ಸಾಕು.

ಇಲ್ಲಿ ಮರೆತುಹೋಗುವವನು ಎರಡನೆಯ ಗೋಲ್‌ಕೀಪರ್. ವಿರಾಮದಲ್ಲಿ ಎಲ್ಲರೂ ಅವನತ್ತ ಒದೆಯುತ್ತಾರೆ, ಅವನನ್ನು ಸಿದ್ಧಗೊಳಿಸುವವರು ಯಾರೂ ಇಲ್ಲ. ಅವನಿಗೂ ಕ್ರಮವಾಗಿ ಕೈಗೆ ಸಿಗುವ ಚೆಂಡು ಮೊದಲು, ಹಾರಬೇಕಾದ ಚೆಂಡು ಕೊನೆಗೆ ಬರಬೇಕು.

ತರಬೇತುದಾರರು ಒಂದು ತೊಡಕನ್ನು ಮುಂದಿಡುತ್ತಾರೆ. ವಿರಾಮದಲ್ಲಿ ಇಳಿಯಬೇಕಾದವನು ಒಳಗೆ ಕುಳಿತು ಸೂಚನೆಗಳನ್ನು ಕೇಳಬೇಕೋ, ಹೊರಗೆ ಮೈ ಬಿಸಿಮಾಡಿಕೊಳ್ಳಬೇಕೋ? ಎರಡೂ ಬೇಕು, ಎರಡಕ್ಕೂ ಕಾಲವಿದೆ. ತರಬೇತುದಾರನು ಮನಸ್ಸು ಮಾಡಿದೊಡನೆ, ಸಾಧ್ಯವಾದರೆ ಮೊದಲರ್ಧದ ಕೊನೆಯ ಐದು ನಿಮಿಷಗಳಲ್ಲಿಯೇ, ಅವನ ಕಿವಿಯಲ್ಲಿ ಹೇಳಿಬಿಡಲಿ. ಅವನಿಗೆ ಬೇಕಾದ ಸೂಚನೆಯನ್ನು ಎಲ್ಲರಿಗಿಂತ ಮೊದಲು ಎರಡು ನಿಮಿಷಗಳಲ್ಲಿ ಮುಗಿಸಿ ಹೊರಗೆ ಕಳಿಸಲಿ. ಕೊನೆಯ ನಿಮಿಷದವರೆಗೂ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಜಾಣತನವೆಂದು ಕೆಲವರು ತಿಳಿದಿದ್ದಾರೆ. ಆ ಜಾಣತನಕ್ಕೆ ದಂಡ ತೆರುವುದು ಹುಡುಗನ ತೊಡೆ.

ಯೂರೋಪಿನ ಚಳಿಗೆ ಹೇಳಿದ್ದು ನಮ್ಮ ರಾಯಚೂರು ಬಳ್ಳಾರಿಗಳ ಬಿಸಿಲಿಗೆ ಹಾಗೆಯೇ ಒಪ್ಪುವುದಿಲ್ಲ. ಅಲ್ಲಿ ಕಸರತ್ತು ಮುಗಿದ ಮೇಲೆ ಸ್ವೆಟರು ಹೊದ್ದು ಶಾಖವನ್ನು ಕಾಪಾಡಿಕೊಳ್ಳಬೇಕು. ಇಲ್ಲಿ ಮಧ್ಯಾಹ್ನದ ಪಂದ್ಯದಲ್ಲಿ ಹಗುರ ಓಟವನ್ನು ಕಡಿಮೆಮಾಡಿ, ನೆರಳಿದ್ದ ಕಡೆ ಕೀಲುಗಳನ್ನು ಸಡಿಲಿಸಿ, ನೀರು ಕುಡಿದು, ಕೊನೆಯ ಬಿರುಸು ಓಟಗಳನ್ನು ಮಾತ್ರ ತಪ್ಪದೆ ಮಾಡಬೇಕು. ಸಿದ್ಧನಾಗಬೇಕೇ ಹೊರತು ದಣಿಯಬಾರದು. ವಿರಾಮದಲ್ಲಿ ಕರೆ ಬಾರದಿದ್ದರೆ ಮತ್ತೆ ಕುಳಿತ ಮೈ ಮತ್ತೆ ತಣಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಗೆರೆಯಾಚೆ ಎದ್ದು ಓಡಾಡುವುದು ಅಗತ್ಯ.

ಮೈಯಷ್ಟೇ ಅಲ್ಲ, ಮನಸ್ಸೂ ತಣಿಯುತ್ತದೆ. ನಾರ್ವೆಯ ಊಲೆ ಗುನ್ನಾರ್ ಸೋಲ್ಷ್ಯಾರ್ ಅವರು ಬೆಂಚಿನಲ್ಲಿ ಕುಳಿತಿದ್ದಾಗಲೂ ಆಟವನ್ನು ಓದುತ್ತಿದ್ದ ಗುಣಕ್ಕೆ ಹೆಸರಾದವರು. 1999ರ ಫೆಬ್ರವರಿ 6ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದ ವಿರುದ್ಧ ಕೊನೆಯ ಇಪ್ಪತ್ತು ನಿಮಿಷಗಳಷ್ಟು ಆಡಿ ಅವರು ನಾಲ್ಕು ಗೋಲು ಹೊಡೆದರು. ಯಾವ ರಕ್ಷಕ ಬಳಲಿದ್ದಾನೆ, ಯಾವ ಕಡೆ ತೆರಪು ಬೀಳುತ್ತಿದೆ ಎಂಬುದನ್ನು ಮೊದಲರ್ಧ ನೋಡಿ ತಿಳಿದವನಿಗೆ ವಿರಾಮದ ಅಭ್ಯಾಸವೂ ಅರ್ಥಪೂರ್ಣವಾಗುತ್ತದೆ.

2005ರ ಮೇ 25ರಂದು ಇಸ್ತಾಂಬುಲ್ಲಿನಲ್ಲಿ ನಡೆದ ಯೂರೋಪಿನ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯವನ್ನು ಇಲ್ಲಿ ನೆನೆಯಬೇಕು. ವಿರಾಮದ ಹೊತ್ತಿಗೆ ಮಿಲಾನ್ ತಂಡವು ಲಿವರ್‌ಪೂಲಿಗಿಂತ ಮೂರು ಗೋಲು ಮುಂದಿತ್ತು. ವಿರಾಮದಲ್ಲಿ ಲಿವರ್‌ಪೂಲ್ ಡೀಟ್ಮರ್ ಹಾಮಾನ್ ಅವರನ್ನು ಇಳಿಸಿತು. 54, 56 ಮತ್ತು 60ನೆಯ ನಿಮಿಷಗಳಲ್ಲಿ ಮೂರು ಗೋಲು ಬಂದು ಆಟ ಸಮನಾಯಿತು. ಕೊನೆಗೆ ಪೆನಾಲ್ಟಿಗಳಲ್ಲಿ ಲಿವರ್‌ಪೂಲ್ ಗೆದ್ದಿತು. ಎರಡನೆಯ ಗೋಲು ಹೊಡೆದ ಸ್ಮಿಟ್ಸರ್ ಅವರೂ ಬದಲಿಯೇ; ಸಂಗಡಿಗನ ಗಾಯದಿಂದಾಗಿ 23ನೆಯ ನಿಮಿಷದಲ್ಲಿಯೇ ಕರೆ ಬಂದವರು. ಮೈ ಕುದುರಲು ಆಟದ ಮೊದಲ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ ಎನ್ನುವವನಿಗೆ ಅಂದು ಆ ನಿಮಿಷಗಳು ಎಲ್ಲಿದ್ದವು? ಅಷ್ಟರಲ್ಲಿ ಚರಿತ್ರೆಯೇ ಆಗಿಹೋಗಿತ್ತು.

ಆದರೆ ಕರೆ ಬಂದವರ ಕಥೆಯನ್ನಷ್ಟೆ ಹೇಳಿದರೆ ಸಾಲದು. ಬೆಂಚಿನಲ್ಲಿರುವವರಲ್ಲಿ ಹಲವರಿಗೆ ಆ ದಿನ ಕರೆ ಬರುವುದೇ ಇಲ್ಲ. ಅವರು ಹತ್ತು ನಿಮಿಷ ಬೆವರು ಹರಿಸಿ ಮತ್ತೆ ಬಂದು ಕೂರುತ್ತಾರೆ. ಇದು ವ್ಯರ್ಥವೇ? ನಮ್ಮ ಯಕ್ಷಗಾನದ ಚೌಕಿಯನ್ನು ನೋಡಿದವರು ಹಾಗೆನ್ನಲಾರರು. ಇಡೀ ರಾತ್ರಿಯ ಆಟಗಳಲ್ಲಿ ನಡುರಾತ್ರಿ ಕಳೆದು ಬರಬೇಕಾದ ವೇಷಧಾರಿ ತನ್ನ ಸರದಿ ದೂರವಿದೆಯೆಂದು ಅರೆಬರೆ ಬಣ್ಣ ಹಚ್ಚಿಕೊಂಡು ಕೂರುವುದಿಲ್ಲ. ಭಾರತದ ಕಥೆಯಲ್ಲಿ ಭೀಷ್ಮನ ಸೇನಾಧಿಪತ್ಯದ ಹತ್ತು ದಿನವೂ ಕರ್ಣನು ರಣರಂಗದ ಹೊರಗಿದ್ದ. ಹನ್ನೊಂದನೆಯ ದಿನ ಅವನು ಬಂದಾಗ, ಬಿಲ್ಲಿನ ಅಭ್ಯಾಸ ತಪ್ಪಿತ್ತೆಂದು ಯಾರೂ ಹೇಳಲಿಲ್ಲ. ಹೊರಗೆ ಕಾಯುವವನ ಗೌರವ ಕರೆಯ ಮೇಲೆ ನಿಂತಿಲ್ಲ, ಅವನ ಸಿದ್ಧತೆಯ ಮೇಲೆ ನಿಂತಿದೆ.

ಶಾಲೆ ಕಾಲೇಜುಗಳ ದೈಹಿಕ ಶಿಕ್ಷಕರಲ್ಲಿ, ಊರಿನ ತಂಡಗಳನ್ನು ನಡೆಸುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಪಂದ್ಯದ ವಿರಾಮದಲ್ಲಿ ಹನ್ನೊಂದು ಮಂದಿಯೊಡನೆ ಎಲ್ಲರೂ ಒಳಗೆ ಹೋಗಬೇಡಿ. ಯಾರಾದರೊಬ್ಬರು, ಸಹಾಯಕನೋ ಹಿರಿಯ ಆಟಗಾರನೋ, ಹೊರಗುಳಿದ ಹುಡುಗರೊಡನೆ ಗಡಿಯಾರ ಹಿಡಿದು ನಿಲ್ಲಲಿ. ಹೊರಗಿರುವವನನ್ನೂ ತಂಡ ಲೆಕ್ಕಕ್ಕೆ ಹಿಡಿದಿದೆಯೆಂದು ಅವನಿಗೆ ತಿಳಿಯಲು ಅಷ್ಟು ಸಾಕು. ಖರ್ಚಿಲ್ಲದ ಕೆಲಸ ಇದು. ಹಿಡಿಯುವುದು ಹತ್ತೇ ನಿಮಿಷ.