ಹಸಿರು ಗುರುತಿನ ಮರಿ



ಬಿ.ಇ. ಓದಿ ಏನು ಕೆಲಸ ಮಾಡ್ತೀಯಪ್ಪ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಅಮೆರಿಕದ ಅಲ್ಪಾಕಾಗಳ ರಕ್ತಪರೀಕ್ಷೆಯ ವರದಿಗೆ ಸಾಫ್ಟ್‌ವೇರ್ ಬರೆದಿದ್ದೇನೆ ಎಂದರೆ ನಗುತ್ತೀರಿ. ಅಲ್ಪಾಕಾ ಮೂಲತಃ ಪೆರು, ಬೊಲಿವಿಯಾದ ಬೆಟ್ಟಗಳ ಪ್ರಾಣಿ. ಒಂಟೆಯ ಕುಲ, ಡುಬ್ಬವಿಲ್ಲ, ಮೈತುಂಬ ಉಣ್ಣೆ.

ಅದಕ್ಕೆ ತಗಲುವ ವೈರಸ್‌ಗಳಲ್ಲಿ ಬಿವಿಡಿ ಒಂದು. ಅದು ದನಗಳ ಭೇದಿ ರೋಗದ ವೈರಸ್. ಅಲ್ಪಾಕಾದ ಗಬ್ಬ ಸುಮಾರು 11 ತಿಂಗಳು. ಮೊದಲ ಕೆಲವು ತಿಂಗಳಲ್ಲಿ ತಾಯಿಗೆ ಈ ಸೋಂಕು ತಗಲಿದರೆ, ಹೊಟ್ಟೆಯೊಳಗಿನ ಮರಿಯ ದೇಹ ವೈರಸ್ಸನ್ನು ತನ್ನದೇ ಎಂದು ತಿಳಿದುಬಿಡಬಹುದು. ಅಂಥ ಮರಿ ಅದರ ವಿರುದ್ಧ ಪ್ರತಿಕಾಯ ಮಾಡುವುದಿಲ್ಲ. ಬದುಕಿರುವಷ್ಟು ಕಾಲ ವೈರಸ್ ಹರಡುತ್ತದೆ. ಕೆಲವು ಸೊರಗುತ್ತವೆ, ಕೆಲವು ನೋಡಲು ಚೆನ್ನಾಗಿಯೇ ಇರುತ್ತವೆ. ಅಲ್ಲಿ ತಾಯಿಯನ್ನು ಗಂಡಿಗೆ ಬಿಡಲು ಬೇರೆ ಹಿಂಡಿಗೆ ಒಯ್ಯುವಾಗ ಹಾಲು ಕುಡಿಯುವ ಮರಿಯೂ ಹೋಗುತ್ತದೆ. ಅದರ ಜೊತೆ ರೋಗವೂ.

ನಾನು ಮಾಡಿದ್ದೇನು? ಪ್ರತಿಕಾಯ ಕಾಣದ ಮರಿಗಳಿಗೆಲ್ಲ 'ಸೋಂಕಿಲ್ಲ' ಎಂಬ ಹಸಿರು ಗುರುತು ಬರುವಂತೆ ಬರೆದೆ. ರೋಗಾಣು ಬಂದರೆ ಪ್ರತಿಕಾಯ ಹುಟ್ಟುತ್ತದೆ ಎಂದು ಇಲ್ಲಿ ಕಲಿತದ್ದಷ್ಟೇ ನನಗೆ ಗೊತ್ತಿತ್ತು. (ಪಾಠದ ತಪ್ಪಲ್ಲ ಮೇಷ್ಟ್ರೇ, ಮುಂದೆ ಓದದ ನನ್ನ ತಪ್ಪು.) ತಂಡದ ಪಶುವೈದ್ಯೆಯೊಬ್ಬರು ಕಂಡುಹಿಡಿದರು. "ಎಲ್ಲಕ್ಕಿಂತ ಅಪಾಯದ ಮರಿಗೇ ಹಸಿರು ಕೊಟ್ಟಿದ್ದೀರಲ್ಲ!" ಅಂದರು. ಅಂಥ ಮರಿಯಲ್ಲಿ ಪಿಸಿಆರ್ ಪರೀಕ್ಷೆಯಿಂದ ವೈರಸ್ಸನ್ನೇ ಹುಡುಕಬೇಕು.

ಅಷ್ಟರಲ್ಲಿ 2 ವಾರದ ವರದಿಗಳು ಹೋಗಿದ್ದವು. ಒಬ್ಬೊಬ್ಬ ಸಾಕಣೆದಾರರಿಗೂ ತಪ್ಪೊಪ್ಪಿ ಪತ್ರ ಬರೆದೆವು. ಈಗ ಪಿಸಿಆರ್ ಫಲಿತಾಂಶ ಬರುವ ತನಕ ಆ ಜಾಗ ಖಾಲಿ ಇರುತ್ತದೆ.