ಮುಯ್ಯಾಳುಗಳು ಬೇಕಾಗಿದ್ದಾರೆ

(ಬ್ರಿಟನ್ನಿನ ಆಸ್ಪತ್ರೆಗಳಲ್ಲಿ, ಆರೈಕೆ ಮನೆಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ಪರಸ್ಪರ ನೆರವಿನ ಬಳಗವೊಂದನ್ನು ಕಟ್ಟಿಕೊಳ್ಳುವ ಉದ್ದೇಶದಿಂದ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಲಿಖಿತ ರೂಪ.)



ಈ ಸಭೆಯಲ್ಲಿ ಮಾತನಾಡುವ ಅರ್ಹತೆ ಎಲ್ಲರಿಗಿಂತ ಕಡಿಮೆ ಇರುವುದು ನನಗೇ. ನಾನು ವೈದ್ಯಳಲ್ಲ, ನರ್ಸ್ ಅಲ್ಲ. ನನ್ನ ಹೆಸರಿನ ಹಿಂದೆಯೂ ಡಾಕ್ಟರ್ ಎಂಬ ಪದವಿದೆ. ಆದರೆ ವಿಮಾನದಲ್ಲಿ ಯಾರಾದರೂ ಕುಸಿದುಬಿದ್ದಾಗ ತಲೆತಗ್ಗಿಸಿ ಕೂರಬೇಕಾದ ಡಾಕ್ಟರ್ ನಾನು. ವಲಸೆ ಮತ್ತು ದುಡಿಮೆಯ ಸಂಬಂಧ ನನ್ನ ಅಧ್ಯಯನದ ವಿಷಯ. ಆ ಕಾರಣದಿಂದ ನೀವು ಕರೆದಿದ್ದೀರಿ. ನಾನು ಒಪ್ಪಿಕೊಂಡು ಬಂದದ್ದಕ್ಕೆ ಬೇರೆಯೇ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ದಿನಗಳಲ್ಲಿ ನಾನು ಬಾಡಿಗೆಗಿದ್ದ ಮನೆಯ ಇನ್ನೊಂದು ಕೋಣೆಯಲ್ಲಿ ಚಿತ್ರದುರ್ಗದ ಕಡೆಯ ನರ್ಸ್ ಒಬ್ಬರಿದ್ದರು. ಒಂದು ಚಳಿಗಾಲದಲ್ಲಿ ಅವರು ಮಾತು ಕಡಿಮೆ ಮಾಡಿದರು, ಊಟ ಬಿಟ್ಟರು. ಪಾಳಿ ಮುಗಿಸಿ ಬಂದವರು ಬಹಳ ಹೊತ್ತು ಕಾರಿನಲ್ಲೇ ಕೂತಿರುತ್ತಿದ್ದರು. ಕೇಳಿದರೆ 'ಸುಸ್ತು' ಎನ್ನುತ್ತಿದ್ದರು. ಮೂರು ತಿಂಗಳ ನಂತರ, ಯುಗಾದಿಯ ಊಟಕ್ಕೆ ಕೆಲವರು ಸೇರಿದ್ದಾಗ, ಅದೇ ಆಸ್ಪತ್ರೆಯ ಬೇರೊಂದು ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಬ್ಬ ನರ್ಸ್ ತಮ್ಮ ಮೇಲೆ ಬಂದ ದೂರಿನ ವಿಷಯವನ್ನು ಅರ್ಧ ನಗುತ್ತ ಹೇಳಿದರು: 'ನಿನ್ನ ಮಾತು ಒರಟು' ಎಂಬ ದೂರು. ನಮ್ಮ ಮನೆಯಾಕೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, 'ನಿಮಗೂ ಹೀಗೇ ಆಗಿತ್ತಾ?' ಎಂದು ಕೇಳಿದರು. ಇಬ್ಬರ ಮೇಲೂ ಒಂದೇ ಬಗೆಯ ದೂರು, ಒಂದೇ ಬಗೆಯ ಪತ್ರ. ಮೂರು ತಿಂಗಳು ಇಬ್ಬರೂ ಒಂದೇ ಕಾರ್ ಪಾರ್ಕಿನಲ್ಲಿ, ಬೇರೆಬೇರೆ ಕಾರುಗಳಲ್ಲಿ ಕೂತು, ತಪ್ಪು ತಮ್ಮೊಬ್ಬರದೇ ಎಂದುಕೊಂಡಿದ್ದರು.

ಆ ದೂರಿನ ಮೂಲ ಏನೆಂದು ಕೇಳಿದೆ. ಸಹಾಯಕಿಯೊಬ್ಬಳಿಗೆ ಇವರು 'ಗಿವ್ ಮಿ ದಟ್ ಚಾರ್ಟ್' ಎಂದಿದ್ದರು. ಮನಸ್ಸಿನಲ್ಲಿದ್ದದ್ದು 'ಆ ಚಾರ್ಟ್ ಕೊಡಿ' ಎಂಬ ಮಾತು. ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. 'ಕೊಡು' ಎಂಬುದಕ್ಕೂ 'ಕೊಡಿ' ಎಂಬುದಕ್ಕೂ ಇರುವ ಅಂತರವನ್ನು ಒಂದು ಸ್ವರ ಹೊರುತ್ತದೆ. ಇಂಗ್ಲಿಷಿಗೆ ಹೋಗುವಾಗ ಆ ಸ್ವರ ದಾರಿಯಲ್ಲಿ ಬಿದ್ದುಹೋಗುತ್ತದೆ. ಅದರ ಜಾಗದಲ್ಲಿ 'ಪ್ಲೀಸ್' ಎಂಬುದನ್ನು ಬೇರೆಯಾಗಿ ಇಡಬೇಕು ಎಂದು ಯಾರಾದರೂ ಮೊದಲ ವಾರವೇ ಹೇಳಿದ್ದರೆ ಐದು ನಿಮಿಷದ ಕೆಲಸ. ಯಾರೂ ಹೇಳಲಿಲ್ಲ, ಬರೆದುಕೊಂಡರು.

ಇದು ಬರೀ ಇಬ್ಬರ ಕತೆಯಲ್ಲ ಎಂಬುದಕ್ಕೆ ಪುರಾವೆಗಳಿವೆ. ವೈದ್ಯರ ನೋಂದಣಿ ಮತ್ತು ಶಿಸ್ತನ್ನು ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್‌ಗಾಗಿ ಡಾಯಿನ್ ಅಟೆವೊಲೊಗುನ್ ಮತ್ತು ರೋಜರ್ ಕ್ಲೈನ್ 2019ರಲ್ಲಿ ಒಂದು ವರದಿ ಸಿದ್ಧಪಡಿಸಿದರು. ಬಿಳಿಯ ವೈದ್ಯರಿಗೆ ಹೋಲಿಸಿದರೆ ಅಲ್ಪಸಂಖ್ಯಾತ ಜನಾಂಗಗಳ ವೈದ್ಯರ ಮೇಲೆ ಉದ್ಯೋಗದಾತರು ಕೌನ್ಸಿಲ್‌ಗೆ ದೂರು ಒಯ್ಯುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು ಎಂಬುದು ಅದರ ಹಿನ್ನೆಲೆ. ಕಾರಣಗಳನ್ನು ಹುಡುಕಿದಾಗ ಸಿಕ್ಕಿದ್ದು ಬೈಗುಳವಾಗಲೀ ಬಹಿರಂಗ ದ್ವೇಷವಾಗಲೀ ಮಾತ್ರವಲ್ಲ. ಹೊಸಬರಿಗೆ ಸರಿಯಾದ ಪರಿಚಯ ತರಬೇತಿ ಇಲ್ಲ. ಒಂಟಿಯಾಗಿ ದುಡಿಯಬೇಕಾದ ಹುದ್ದೆಗಳು. 'ಒಳಗಿನವರು', 'ಹೊರಗಿನವರು' ಎಂಬ ಗುಂಪುಗಾರಿಕೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಬಣ್ಣದವರೊಡನೆ ಕಷ್ಟದ ಮಾತಾಡಲು ಹಿಂಜರಿಯುವ ಮೇಲಧಿಕಾರಿಗಳು. ತನ್ನವನಾದರೆ ಚಹಾ ಕುಡಿಯುತ್ತ ತಿದ್ದುತ್ತಾರೆ. ಹೊರಗಿನವನಾದರೆ ಸುಮ್ಮನಿದ್ದು, ತಪ್ಪು ಬೆಳೆದ ಮೇಲೆ ಕಾಗದ ಕಳಿಸುತ್ತಾರೆ.

2022ರಲ್ಲಿ ಮ್ಯಾಂಚೆಸ್ಟರಿನ ವೈದ್ಯೆ ಮಂಜುಳಾ ಅರೋರಾ ಅವರ ಪ್ರಕರಣ ನಿಮಗೆಲ್ಲ ನೆನಪಿರಬೇಕು. ಲ್ಯಾಪ್‌ಟಾಪ್ ಬೇಕೆಂದು ಅವರು ಕೇಳಿದ್ದರು. ಮುಂದೆ ಬಂದಾಗ ನಿಮ್ಮ ಕೋರಿಕೆಯನ್ನು ಗಮನಿಸುತ್ತೇವೆ ಎಂಬ ಅರ್ಥದ ಉತ್ತರ ಬಂದಿತ್ತು. ಅವರು ಕಂಪ್ಯೂಟರ್ ವಿಭಾಗದವರಿಗೆ 'ಪ್ರಾಮಿಸ್' ಮಾಡಿದ್ದಾರೆ ಎಂದರು. ಆ ಒಂದು ಪದಕ್ಕಾಗಿ ನ್ಯಾಯಮಂಡಳಿ ಅವರನ್ನು ಅಪ್ರಾಮಾಣಿಕರೆಂದು ತೀರ್ಮಾನಿಸಿ ಒಂದು ತಿಂಗಳು ಅಮಾನತು ಮಾಡಿತು. 'ಕೊಡ್ತೀನಿ ಅಂದಿದ್ದಾರೆ' ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ ಆ ಪದದ ತೂಕ ಎಷ್ಟೆಂದು ಗೊತ್ತು. ವೈದ್ಯಲೋಕದಲ್ಲಿ ಪ್ರತಿಭಟನೆಯೆದ್ದ ಮೇಲೆ ಆ ತೀರ್ಪು ರದ್ದಾಯಿತು. ಒಬ್ಬರೇ ಇದ್ದಿದ್ದರೆ ರದ್ದಾಗುತ್ತಿತ್ತೆ?

ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗಿನಿಂದಲೂ ಅದು ಹೊರಗಿನ ಕೈಗಳನ್ನು ನೆಚ್ಚಿಕೊಂಡಿದೆ. 1960ರಿಂದ 63ರವರೆಗೆ ಆರೋಗ್ಯ ಸಚಿವರಾಗಿದ್ದವರು ಈನಾಕ್ ಪೊವೆಲ್; ಭಾರತ ಉಪಖಂಡದ ವೈದ್ಯರು ಬಂದು ಆಸ್ಪತ್ರೆಗಳನ್ನು ನಡೆಸುತ್ತಿದ್ದುದು ಅವರ ಕಣ್ಣೆದುರಿಗೇ. ಅದೇ ಪೊವೆಲ್ 1968ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದರು. ಬಂದ ವೈದ್ಯರಿಗೆ ಸಿಕ್ಕಿದ್ದು ಇಲ್ಲಿಯವರು ಬೇಡವೆಂದು ಬಿಟ್ಟ ಜಾಗಗಳು: ವೃದ್ಧರ ವಾರ್ಡು, ಮನೋರೋಗದ ವಾರ್ಡು, ವೇಲ್ಸಿನ ಗಣಿಯೂರುಗಳ, ಕೈಗಾರಿಕಾ ಪಟ್ಟಣಗಳ ಚಿಕಿತ್ಸಾಲಯಗಳು. ಇತಿಹಾಸಕಾರ ಜೂಲಿಯನ್ ಸಿಂಪ್ಸನ್ 2018ರ ತಮ್ಮ ಪುಸ್ತಕದಲ್ಲಿ ಈ ವೈದ್ಯರನ್ನು ಆರೋಗ್ಯ ಸೇವೆಯ ಶಿಲ್ಪಿಗಳೆಂದೇ ಕರೆದಿದ್ದಾರೆ.

ಶಿಲ್ಪಿಗಳಿಗೆ ಬಾಗಿಲು ಮಾತ್ರ ಸುಲಭವಾಗಿ ತೆರೆಯಲಿಲ್ಲ. ಅನೀಸ್ ಇಸ್ಮಾಯಿಲ್ ಮತ್ತು ಸ್ಯಾಮ್ ಎವರಿಂಗ್ಟನ್ ಎಂಬ ವೈದ್ಯರು ಸಮಾನ ಅರ್ಹತೆಯ ಕಾಲ್ಪನಿಕ ಅರ್ಜಿಗಳನ್ನು, ಕೆಲವಕ್ಕೆ ಏಷ್ಯಾದ ಹೆಸರನ್ನೂ ಕೆಲವಕ್ಕೆ ಇಂಗ್ಲಿಷ್ ಹೆಸರನ್ನೂ ಹಾಕಿ ಕಳಿಸಿದರು. ಇಂಗ್ಲಿಷ್ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಎರಡು ಪಟ್ಟು ಎಂಬುದು 1993ರಲ್ಲಿ ಪ್ರಕಟವಾದ ಫಲಿತಾಂಶ. ಅದಕ್ಕಾಗಿ ಪೊಲೀಸರು ಸಂಶೋಧಕರನ್ನೇ ವಂಚನೆಯ ಆರೋಪದ ಮೇಲೆ ಬಂಧಿಸಿದ್ದರು! ಮೊಕದ್ದಮೆ ಮುಂದುವರಿಯಲಿಲ್ಲ. ಹಾಗೆಂದು ಬಾಗಿಲು ಪೂರ್ತಿ ತೆರೆಯಿತೆಂದಲ್ಲ. ಇಂಗ್ಲೆಂಡಿನ ಆರೋಗ್ಯ ಸೇವೆಯಲ್ಲಿ ಈಗ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಅಲ್ಪಸಂಖ್ಯಾತ ಜನಾಂಗದವರು. ಆದರೂ ಸಂದರ್ಶನದ ಪಟ್ಟಿಗೆ ಬಂದವರಲ್ಲಿ ಕೆಲಸ ಸಿಗುವ ಸಾಧ್ಯತೆ ಬಿಳಿಯರಿಗೆ ಒಂದೂವರೆ ಪಟ್ಟಿಗೂ ಹೆಚ್ಚು ಎಂದು ಸೇವೆಯ 2023ರ ಅಧಿಕೃತ ವರದಿಯೇ ಹೇಳುತ್ತದೆ.

ಇದನ್ನೆದುರಿಸಲು ನಮಗಿಂತ ಹಿಂದಿನವರು ಸಂಘ ಕಟ್ಟಿದರು. 1975ರಲ್ಲಿ ಹೊರದೇಶದ ವೈದ್ಯರ ಸಂಘ, 1996ರಲ್ಲಿ ಬಾಪಿಯೊ. ಆಗಲೇ ಇಲ್ಲಿಗೆ ಬಂದಿದ್ದ ಭಾರತೀಯ ವೈದ್ಯರನ್ನು ತರಬೇತಿ ಹುದ್ದೆಗಳ ಸಾಲಿನ ಕೊನೆಗೆ ತಳ್ಳಿದ್ದ ಸರ್ಕಾರದ ಮಾರ್ಗಸೂಚಿಯನ್ನು ಬಾಪಿಯೊ ಪ್ರಶ್ನಿಸಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದು ಕಾನೂನುಬಾಹಿರವೆಂದು ತೀರ್ಪಿತ್ತಿತು. ಈ ಹೋರಾಟಗಳ ಋಣ ನಮ್ಮ ಮೇಲಿದೆ. ಆದರೆ ಕೋರ್ಟಿಗೆ ಹೋಗುವ ಸಂಘ ಬೇರೆ, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಬಳಗ ಬೇರೆ. ನೀವು ಇಂದು ಕಟ್ಟಲು ಹೊರಟಿರುವುದು ಎರಡನೆಯದನ್ನು.

ಇದಕ್ಕೊಂದು ಕನ್ನಡ ಪದ ಬೇಕೆಂದು ನೀವು ಕೇಳಿದ್ದಿರಿ. 'ಸಮಾನರ ಬೆಂಬಲ ಜಾಲ' ಎಂದರೆ ಸರ್ಕಾರದ ಸುತ್ತೋಲೆಯಂತೆ ಕೇಳುತ್ತದೆ. ನನಗೆ ನೆನಪಾದದ್ದು ನಮ್ಮ ಹಳ್ಳಿಗಳ 'ಮುಯ್ಯಾಳು'. ನಾಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದರಲ್ಲಿ ದಾನಿಯಿಲ್ಲ, ದೀನನಿಲ್ಲ. ಇಂದು ನೆರವು ಪಡೆದವರು ನಾಳೆ ನೆರವಾಗುವವರು. ಆದ್ದರಿಂದ ಪಡೆಯುವಾಗ ತಲೆ ತಗ್ಗಿಸಬೇಕಾಗಿಲ್ಲ.

ವೈದ್ಯರ ನಡುವೆ ಇಂಥ ಮುಯ್ಯಿಗೆ ಈ ದೇಶದಲ್ಲೇ ಪರಂಪರೆಯಿದೆ. ಅದನ್ನು ಕಟ್ಟಿದವರೂ ವಲಸಿಗರೇ. ಬುಡಾಪೆಸ್ಟಿನ ಯಹೂದಿ ಮನೆತನದಲ್ಲಿ ಹುಟ್ಟಿದ ಮೈಕೆಲ್ ಬಾಲಿಂಟ್ 1939ರಲ್ಲಿ ಇಂಗ್ಲೆಂಡಿಗೆ ಬಂದರು. 1950ರ ದಶಕದಲ್ಲಿ ಪತ್ನಿ ಈನಿಡ್ ಅವರೊಂದಿಗೆ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಸಾಮಾನ್ಯ ವೈದ್ಯರ ಚಿಕ್ಕ ಗುಂಪುಗಳನ್ನು ನಡೆಸಿದರು. ಒಬ್ಬರು ತಮ್ಮನ್ನು ಕಾಡಿದ ರೋಗಿಯ ಕತೆ ಹೇಳಬೇಕು. ಉಳಿದವರು ಔಷಧ ಸೂಚಿಸದೆ, ಆ ರೋಗಿ ವೈದ್ಯರ ಮನಸ್ಸಿನಲ್ಲಿ ಏನನ್ನು ಎಬ್ಬಿಸಿದರು ಎಂದು ಯೋಚಿಸಬೇಕು. ಇಂದಿಗೂ ಆ ಗುಂಪುಗಳು ಬಾಲಿಂಟರ ಹೆಸರಿನಲ್ಲೇ ನಡೆಯುತ್ತಿವೆ.

ಮಾತನಾಡಲು ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತಿದೆ. ಭಾರತ ಮೂಲದ ಮನೋವೈದ್ಯೆ ದಕ್ಷಾ ಎಮ್ಸನ್ ತಮ್ಮ ಮನೋರೋಗವನ್ನು ಸಹೋದ್ಯೋಗಿಗಳಿಂದ ಮುಚ್ಚಿಟ್ಟುಕೊಂಡೇ ದುಡಿದರು. 2000ದಲ್ಲಿ ಅವರೂ ಅವರ ಹಸುಗೂಸೂ ತೀರಿಕೊಂಡರು. ಕಳಂಕದ ಭಯ ಅವರನ್ನು ಎಷ್ಟು ಒಂಟಿಯಾಗಿಸಿತ್ತೆಂಬುದನ್ನು ವಿಚಾರಣಾ ವರದಿ ದಾಖಲಿಸಿತು. ವೈದ್ಯರಿಗಾಗಿಯೇ ಗೋಪ್ಯ ಚಿಕಿತ್ಸಾ ಸೇವೆಯೊಂದು 2008ರಲ್ಲಿ ಲಂಡನ್ನಿನಲ್ಲಿ ಆರಂಭವಾದುದರ ಹಿಂದೆ ಆ ಸಾವುಗಳ ನೆನಪಿದೆ. ಮನಸ್ಸನ್ನು ಓದುವುದೇ ವೃತ್ತಿಯಾದವರಿಗೂ ತಮ್ಮ ಮನಸ್ಸನ್ನು ಬಿಚ್ಚಲು ಜಾಗವಿರಲಿಲ್ಲ.

ಮುಯ್ಯಾಳಿನ ಗುಣವನ್ನು ನಾವು ಈಗಾಗಲೇ ಕಂಡಿದ್ದೇವೆ. 2020ರಲ್ಲಿ ಕೋವಿಡ್‌ಗೆ ಬಲಿಯಾದ ಮೊದಲ ಹತ್ತು ವೈದ್ಯರೂ ಅಲ್ಪಸಂಖ್ಯಾತ ಜನಾಂಗಗಳವರು ಎಂಬ ಸುದ್ದಿ ಬಂದಾಗ, ರಕ್ಷಣಾ ಉಡುಪು ಕೊಡದಿದ್ದರೆ ಏನು ಹೇಳಬೇಕೆಂದು ನೀವು ಒಬ್ಬರಿಗೊಬ್ಬರು ವಾಕ್ಯ ಬರೆದುಕೊಟ್ಟಿರಿ. 2024ರ ಆಗಸ್ಟಿನ ಗಲಭೆಗಳಲ್ಲಿ, ಸಂಡರ್ಲೆಂಡಿನಲ್ಲಿ ಪಾಳಿಗೆ ಹೊರಟಿದ್ದ ಫಿಲಿಪೀನ್ಸಿನ ನರ್ಸುಗಳ ಮೇಲೆ ಕಲ್ಲು ಬಿದ್ದ ವಾರ, ಯಾರ ಪಾಳಿ ಎಷ್ಟಕ್ಕೆ ಮುಗಿಯುತ್ತದೆ, ಯಾರು ಯಾರನ್ನು ಮನೆ ಮುಟ್ಟಿಸುತ್ತಾರೆ ಎಂಬ ಪಟ್ಟಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿತು. ಅಧ್ಯಕ್ಷ, ಕಾರ್ಯದರ್ಶಿ ಯಾರೂ ಇರಲಿಲ್ಲ. ಕೆಲಸ ನಡೆಯಿತು.

ಇಲ್ಲಿಯವರೆಗೆ ಹೇಳಿದ್ದು ನಿಮಗೆ ಹಿತವಾಗಿರಬಹುದು. ಮುಂದಿನದು ಅಷ್ಟು ಹಿತವಾಗಲಾರದು.

ಮುಯ್ಯಾಳಿಗೆ ಮುಯ್ಯಾಳು ಸಿಗಬೇಕಾದರೆ ಗದ್ದೆಯಿರಬೇಕು. ನಮ್ಮ ಊರುಗಳಲ್ಲಿ ಭೂಮಿಯಿಲ್ಲದವರು, ಬಹುಪಾಲು ದಲಿತರು, ಈ ಕೊಡುಕೊಳ್ಳುವಿಕೆಯ ಹೊರಗಿದ್ದರು. ಅವರು ಕೂಲಿಯಾಳುಗಳು, ಅವರ ಗುಡಿಸಲಿಗೆ ಯಾರೂ ಮುಯ್ಯಿ ತೀರಿಸಲು ಹೋಗಲಿಲ್ಲ. ನಮ್ಮ ಬಳಗದಲ್ಲಿ ಗದ್ದೆಯಿಲ್ಲದವರು ಯಾರು? 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರಿಗೆ ವೀಸಾ ತೆರೆದಾಗ ದಲ್ಲಾಳಿಗಳಿಗೆ ಲಕ್ಷಗಟ್ಟಲೆ ಸುರಿದು ಬಂದವರು. 2024ರ ಮಾರ್ಚಿನಿಂದ ಅವರಂಥವರು ಸಂಸಾರ ತರುವಂತಿಲ್ಲ; 2025ರ ಜುಲೈನಲ್ಲಿ ಹೊರದೇಶದಿಂದ ಹೊಸಬರು ಬರುವ ಬಾಗಿಲೇ ಮುಚ್ಚಿತು. ಪ್ರಾಯೋಜಕರ ಪರವಾನಗಿ ರದ್ದಾದರೆ ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ದೂರು ಕೊಟ್ಟರೆ ವೀಸಾ ಹೋಗುತ್ತದೆಂಬ ಭಯದಲ್ಲಿ ಬದುಕುವವರು ಇವರು. ಇಂದಿನ ಆಹ್ವಾನ ಪತ್ರಿಕೆಯಲ್ಲಿ 'ವೃತ್ತಿಪರರು' ಎಂಬ ಪದವಿತ್ತು. ಆ ಪದ ಓದಿ ಎಷ್ಟು ಮಂದಿ ಬರದೆ ಉಳಿದರೋ.

ಜಾತಿಯ ಮಾತೂ ಇದೆ. ಸಮಾನತೆ ಕಾಯಿದೆಯಲ್ಲಿ ಜಾತಿಯನ್ನು ಸೇರಿಸಬೇಕೆಂದು ಬ್ರಿಟನ್ನಿನ ಸಂಸತ್ತು 2013ರಲ್ಲಿ ಹೇಳಿತು; 2018ರಲ್ಲಿ ಸರ್ಕಾರ ಕೈಬಿಟ್ಟಿತು. ವಿರೋಧಿಸಿದವರಲ್ಲಿ ನಮ್ಮವರ ಸಂಘಟನೆಗಳೂ ಇದ್ದವು. 'ನಿಮ್ಮ ಮನೆಯ ಹೆಸರೇನು, ಯಾವ ಕಡೆಯವರು' ಎಂದು ಹೊಸಬರನ್ನು ಪ್ರೀತಿಯಿಂದಲೇ ವಿಚಾರಿಸುವ ಕೂಟದಲ್ಲಿ ದಲಿತ ನರ್ಸ್ ಒಬ್ಬಳು ತನ್ನ ವಾರ್ಡಿನ ಅವಮಾನವನ್ನು ಹೇಗೆ ಹೇಳಿಕೊಂಡಾಳು? ಬಿಳಿಯರ ನಡುವೆ ಒಂದು ಮೌನ, ನಮ್ಮ ನಡುವೆ ಇನ್ನೊಂದು. ಹಾಗೆಯೇ ಬೆಂಗಳೂರು, ಮಂಗಳೂರುಗಳಲ್ಲಿ ನರ್ಸಿಂಗ್ ಓದಿ, ಅಲ್ಲಿನ ರೋಗಿಗಳಿಂದ ಕನ್ನಡ ಕಲಿತ ಮಲಯಾಳಿ ಸೋದರಿಯರು ನಮ್ಮ ಬಳಗಕ್ಕೆ ಬರಬಹುದೇ? ಬರಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೆಲವು ಸಲಹೆಗಳು. ಗುಂಪು ಚಿಕ್ಕದಿರಲಿ, ಆರೆಂಟು ಮಂದಿ. ಶಾಲು, ಹಾರ, ಮುಖ್ಯ ಅತಿಥಿ ಬೇಡ. ಹಾಗೆಯೇ 'ಸರ್', 'ಮೇಡಂ' ಬಾಗಿಲಾಚೆ ಉಳಿಯಲಿ. ಆಡಿದ್ದು ಹೊರಗೆ ಹೋಗದಿರಲಿ. ರೋಗಿಯ ಅಥವಾ ಹೇಳುತ್ತಿರುವವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಆ ನಿಯಮ ಸಡಿಲ ಎಂಬುದನ್ನು ಮೊದಲ ದಿನವೇ ಸ್ಪಷ್ಟಪಡಿಸಿ. ಶಿಸ್ತು ವಿಚಾರಣೆಗೆ ಕರೆದಾಗ ಸಹೋದ್ಯೋಗಿಯನ್ನೋ ಯೂನಿಯನ್ ಪ್ರತಿನಿಧಿಯನ್ನೋ ಜೊತೆಗೆ ಕರೆದೊಯ್ಯುವುದು 1999ರ ಕಾಯಿದೆ ಕೊಟ್ಟಿರುವ ಹಕ್ಕು. ಅದು ತಿಳಿಯದೆ ಒಬ್ಬರೇ ಹೋಗಿ ಕೂತು, ತೋರಿಸಿದಲ್ಲಿ ಸಹಿ ಹಾಕಿ ಬಂದವರನ್ನು ನಾನು ಬಲ್ಲೆ. ಆದ್ದರಿಂದ ಎಲ್ಲರೂ ಯೂನಿಯನ್ ಸೇರಿ. ನಮ್ಮ ಬಳಗ ಯೂನಿಯನ್ನಿಗೆ ಪರ್ಯಾಯವಾಗಲಾರದು. ಕೊನೆಯದಾಗಿ, ಒಂದೇ ಬಗೆಯ ನೋವನ್ನು ಐದು ಮಂದಿ ಹೇಳಿದರೆ ಹೆಸರು ತೆಗೆದು ಬರೆದಿಡಿ, ಆಡಳಿತದ ಮುಂದಿಡಿ. ಇಲ್ಲದಿದ್ದರೆ, ಸಂಸ್ಥೆ ಮಾಡಿದ ಗಾಯಕ್ಕೆ ನಾವು ಪುಕ್ಕಟೆ ಪಟ್ಟಿ ಕಟ್ಟುತ್ತಿರುತ್ತೇವೆ, ಅದು ಗಾಯ ಮಾಡುತ್ತಲೇ ಇರುತ್ತದೆ.

ಚಿತ್ರದುರ್ಗದ ಆ ಗೆಳತಿಯ ಮೇಲಿನ ದೂರು ಕೊನೆಗೆ ಬಿದ್ದುಹೋಯಿತು. ಆದರೆ ಅವರು ಮರುವರ್ಷವೇ ಈ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟರು. ಒಂದೇ ಮನೆಯಲ್ಲಿದ್ದೂ ನಾನು ಅವರ 'ಸುಸ್ತು' ಎಂಬ ಉತ್ತರವನ್ನು ನಂಬಿದ್ದೆ. ವಲಸೆಯ ಮೇಲೆ ಪ್ರಬಂಧ ಬರೆಯುತ್ತಿದ್ದವಳು ಪಕ್ಕದ ಕೋಣೆಯ ವಲಸಿಗಳನ್ನು ಓದಲಿಲ್ಲ. ನಾನು ಇಲ್ಲಿಗೆ ಬಂದದ್ದು ಅದಕ್ಕೆ. 'ನಿಮಗೂ ಹೀಗೇ ಆಗಿತ್ತಾ?' ಎಂದು ಅವರು ಯುಗಾದಿಯಂದು ಕೇಳಿದ್ದನ್ನು ಮೊದಲ ವಾರವೇ ಕೇಳುವಂತಹ ಒಂದು ಜಾಗ ನೀವು ಕಟ್ಟಬಲ್ಲಿರಿ.

ಮುಂದಿನ ಸಭೆಯ ದಿನವನ್ನು ಈಗಲೇ ಗೊತ್ತುಮಾಡೋಣ. ಗೊತ್ತುಮಾಡುವಾಗ ರಾತ್ರಿಪಾಳಿಯವರನ್ನೂ ಆರೈಕೆ ಮನೆಗಳವರನ್ನೂ ಮೊದಲು ಕೇಳಿ.